ಕೆರೆ ನುಂಗಿದ ಆಮೆಯ ಮೂರನೆಯ ದಾರ

ನಿಮ್ಮ ಮುತ್ತಜ್ಜನ ಮುತ್ತಜ್ಜನಿಗೆ ಇನ್ನೂ ಹಲ್ಲು ಬಂದಿರದ ಕಾಲ. ಮಿಂಚುಪಟ್ಟಣ ಅಂತ ಒಂದು ರಾಜ್ಯವಿತ್ತು. ಅದನ್ನು ನನ್ನಷ್ಟು ಬಲ್ಲವರು ಏಳು ಲೋಕದಲ್ಲಿಲ್ಲ. ಹೋಗಲಿ ಬಿಡಿ, ಹೊಗಳಿಕೊಳ್ಳುವುದು ನನ್ನ ಜಾಯಮಾನವಲ್ಲ.

ಅಲ್ಲಿ ಕತ್ತೆಯಾಗಲಿ ಆನೆಯಾಗಲಿ, ಮಂತ್ರ ಹಾಕಿದರೆ ಹುಟ್ಟುತ್ತಿತ್ತು. ಅದರ ಕೊರಳಿಗೊಂದು ದಾರ. ದಾರ ಹಿಡಿದವರು ಹೇಳಿದ್ದನ್ನು ಅದು ಕೇಳಲೇಬೇಕು. ಒಂದೇ ಪ್ರಾಣಿಗೆ ಎಷ್ಟು ದಾರವಾದರೂ ಇರಬಹುದು. ಕೊನೆಯ ದಾರವೂ ಕೈತಪ್ಪಿತೋ, ಪೊರಕೆ ಭೂತ ತನಗೆ ಪುರುಸೊತ್ತಾದಾಗ ಬಂದು ಅದನ್ನು ಗುಡಿಸಿಕೊಂಡು ಹೋಗುತ್ತಿತ್ತು.

ತಲೆಗೂದಲಲ್ಲಿ ಸದಾ ಹೊಗೆಯಾಡುವ ಧೂಮಕೇಶಿ ಎಂಬ ಮಾಂತ್ರಿಕ ಬೆಟ್ಟದಂಥ ಆಮೆಯೊಂದನ್ನು ಹುಟ್ಟಿಸಿ, ಊರ ಕೆರೆಯನ್ನೇ ಅದಕ್ಕೆ ನುಂಗಿಸಿಬಿಟ್ಟ. ಕುಂಬಾರರ ಮಾಳಕ್ಕನ ಮಡಕೆ ಮಾಡುವ ತಿಗರಿ ನಿಂತಿತು. ಅವಳ ಕೂಸಿನ ತುಟಿ ಒಣಗಿತು.

"ಆಮೆಗೆ ಮೂರು ದಾರ. ಮೂರನ್ನೂ ಕತ್ತರಿಸಿದರೆ ಆಮೆ ಮಾಯ, ಕೆರೆ ನಮ್ಮದು!" ಎಂದು ದಳವಾಯಿ ರಣಬಾಹು ಮೀಸೆ ತಿರುವಿ ಹೊರಟ. ಕೂಸನ್ನು ತನ್ನ ತಾಯಿಯ ಕೈಗೆ ಕೊಟ್ಟು ಮಾಳಕ್ಕನೂ ಹೊರಟಳು.

ಮೊದಲನೆಯ ದಾರ ಬೆಂಕಿಹುಲಿಯ ಬಾಯಲ್ಲಿತ್ತು. ಮಾಳಕ್ಕ ಮಡಕೆ ಸುಡುವ ಆವಿಗೆಯ ಒಂದು ಹಿಡಿ ಬೂದಿ ಎರಚಿದಳು. ಹುಲಿ ಸೀನಿತು, ದಾರ ಬಿತ್ತು, ದಳವಾಯಿ ಕತ್ತರಿಸಿದ. ಆಮೆ ಅಲುಗಲಿಲ್ಲ.

ಎರಡನೆಯದು ಏಳು ಹೆಡೆಯ ಹಾವಿನ ಹತ್ತಿರವಿತ್ತು. ಮಾಳಕ್ಕ ತಿಗರಿಕೋಲನ್ನು ಗಿರಗಿರನೆ ತಿರುಗಿಸಿದಳು. ಏಳು ಹೆಡೆಗಳೂ ಅದನ್ನೇ ನೋಡುತ್ತ ಸುತ್ತಿ ಸುತ್ತಿ ಗಂಟುಬಿದ್ದವು. ದಳವಾಯಿ ಕತ್ತರಿಸಿದ. ಆಮೆ ಆಕಳಿಸಿತು, ಅಷ್ಟೇ.

ಮೂರನೆಯದು ಧೂಮಕೇಶಿಯ ಕೈಯಲ್ಲೇ ಇತ್ತು. ಅವನು ಹೆದರುವುದಿರಲಿ, ದಾರವನ್ನು ಮುಂದೆ ಚಾಚಿ, "ಬನ್ನಿ ದಳವಾಯಿಗಳೇ, ಇದನ್ನೂ ಕತ್ತರಿಸಿ ಪುಣ್ಯ ಕಟ್ಟಿಕೊಳ್ಳಿ!" ಎಂದು ಕಿಸಕ್ಕನೆ ನಕ್ಕ.

ಕತ್ತಿ ಮೇಲೆದ್ದಿತು. ಮಾಳಕ್ಕ ಹಾರಿ ದಾರ ಕಿತ್ತುಕೊಂಡಳು.

"ಏ ಮಾಳಿ, ಬಿಡೇ! ಗೆಲ್ಲುವ ಹೊತ್ತಿಗೆ ಅಡ್ಡ ಬರ್ತೀಯಲ್ಲ!"

"ಬುದ್ಧಿ, ಕಳೆದ ವರ್ಷ ನನ್ನ ಮಾಯೆಯ ಕತ್ತೆಯ ಮೇಲಿನ ಮಣ್ಣು ಇಳಿಸದೇ ದಾರ ಬಿಟ್ಟೆ. ಭೂತ ಕತ್ತೆಯ ಜೊತೆ ಮಣ್ಣನ್ನೂ ಗುಡಿಸಿಕೊಂಡು ಹೋಯ್ತು. ಇದನ್ನೂ ಕತ್ತರಿಸಿದರೆ ಆಮೆಗೆ ಹೇಳೋರು ಯಾರು? ಕೆರೆಯೂ ಅದರ ಹೊಟ್ಟೆಯಲ್ಲೇ ಹೋಗುತ್ತೆ!"

ದಳವಾಯಿಯ ಮೀಸೆ ತಾನಾಗಿ ಕೆಳಗಿಳಿಯಿತು. ಧೂಮಕೇಶಿಯ ನಗು ನಿಂತಿತು.

"ಆಮೆಯಪ್ಪಾ, ನುಂಗಿದ್ದನ್ನು ಉಗುಳು," ಎಂದಳು ಮಾಳಕ್ಕ.

ಆಮೆ ಬಾಯಿ ತೆರೆಯಿತು ನೋಡಿ! ಮೀನು, ತಾವರೆ, ಅಗಸನ ಬಂಡೆ, ಎಲ್ಲದರ ಸಮೇತ ಇಡೀ ಕೆರೆ ಭೋರೆಂದು ಹೊರಬಂತು. ಧೂಮಕೇಶಿಯ ತಲೆಗೂದಲಿನ ಹೊಗೆ ಚುಸ್ಸೆಂದು ಆರಿತು. ಅವನ ಮಂತ್ರವೆಲ್ಲ ಆ ಹೊಗೆಯಲ್ಲೇ ಇತ್ತು. ಉಳಿದವನು ನೆಗಡಿಯಾದ ಒಬ್ಬ ಬೋಳುತಲೆಯವ.

"ಅಬ್ಬ, ಹೊಟ್ಟೆ ಹಗುರವಾಯ್ತು ತಾಯಿ," ಎಂದಿತು ಆಮೆ. ಕೊನೆಯ ಹನಿಯೂ ಬಿದ್ದಿತೆಂದು ನೋಡಿಕೊಂಡೇ ಮಾಳಕ್ಕ ದಾರ ಬಿಟ್ಟಳು. ಪೊರಕೆ ಭೂತ ಬಂದು ಆಮೆಯನ್ನು ಹತ್ತಿಯಂತೆ ಗುಡಿಸಿಕೊಂಡು ಹೋಯಿತು.

ಮಾಳಕ್ಕ ಮನೆಗೆ ಓಡಿ ಕೂಸಿಗೆ ನೀರು ಕುಡಿಸಿದಳು. ಕೂಸು ಕುಡಿದದ್ದಕ್ಕಿಂತ ಮೈಮೇಲೆ ಚೆಲ್ಲಿಕೊಂಡದ್ದೇ ಹೆಚ್ಚು, ಯಾರೂ ಗದರಲಿಲ್ಲ. ಅಂದಿನಿಂದ ಆ ರಾಜ್ಯದಲ್ಲಿ ಎಲ್ಲರೂ ತಣ್ಣಗಿದ್ದರು. ದಳವಾಯಿಯೂ ಸುಖವಾಗಿದ್ದ, ಆದರೆ ಮಾಳಕ್ಕನನ್ನು ಕೇಳದೆ ಒಂದು ನೂಲನ್ನೂ ಕತ್ತರಿಸುತ್ತಿರಲಿಲ್ಲ.