ಟೌ ಸೀಟಿಗಿಂತ ಹತ್ತಿರ

"ಹುಡುಗಿ ಏನ್ ಓದ್ಯಾಳ್ರಿ?" ಹುಡುಗನ ಸೋದರಮಾವ ಅಂದಾನಪ್ಪ ಕೇಳಿದ್ದು ಎದುರಿಗೆ ಕಂಬಳಿ ಮೇಲೆ ಕೂತ ನೀಲಗಂಗೆಯನ್ನಲ್ಲ, ಅವಳ ಅಪ್ಪನನ್ನು.

"ಬಿ.ಎಸ್ಸಿ. ಮುಗಿಸ್ಯಾಳ್ರಿ, ಧಾರವಾಡದಾಗ. ಫಿಜಿಕ್ಸು."

"ಮುಂದ ಓದೋ ಹುಚ್ಚು ಇಲ್ಲಲ್ಲ?"

"ಇಲ್ರಿ, ಇಲ್ಲ."

ಇತ್ತು. ನೀಲಗಂಗೆಯ ಕಿವಿ ಬಿಸಿಯಾಯಿತು. ಆದರೆ ಹೆಣ್ಣು ನೋಡಲು ಬಂದಾಗ ಹೆಣ್ಣು ಬಾಯಿ ತೆರೆಯುವ ಪದ್ಧತಿ ೧೯೬೦ರ ಬನವಾಸಿಯ ಆ ಮನೆಯಲ್ಲಿರಲಿಲ್ಲ, ಉತ್ತರವೆಲ್ಲ ಹಿರಿಯರದೇ.

ಹುಡುಗ ಮಧುಕೇಶ್ವರ, ಶಿರಸಿಯಲ್ಲಿ ವಿಜ್ಞಾನದ ಮಾಸ್ತರ, ಅವಲಕ್ಕಿ ತಟ್ಟೆಯನ್ನೇ ನೋಡುತ್ತಿದ್ದ. ಒಮ್ಮೆ ಮಾತ್ರ ಕಣ್ಣೆತ್ತಿದ. ಅವಳ ಕಣ್ಣು ಸಿಕ್ಕ ಕೂಡಲೇ ರೆಪ್ಪೆ ಇಳಿಸಿದ. ಸೊಕ್ಕು, ಎಂದುಕೊಂಡಳು.

ಅಂದಾನಪ್ಪ ಪೇಪರು ಮಡಚಿ ನಕ್ಕ. "ಇದನ್ನ ಕೇಳ್ರಿ. ಅಮೆರಿಕಾದವ್ರು ದೊಡ್ಡ ರೇಡಿಯೋ ಹಚ್ಚಿ, ಎರಡು ನಕ್ಷತ್ರದ ಕಡೆ ಕಿವಿ ಕೊಟ್ಟು ಕುಂತಾರಂತ. ಅಲ್ಲಿ ಮಂದಿ ಇದ್ರ ಮಾತು ಕೇಳಸ್ತೈತಂತ. ಎಂಥಾ ಹುಚ್ಚರು."

"ಹುಚ್ಚರಲ್ರಿ ಅವ್ರು," ಎಂದಳು ನೀಲಗಂಗೆ.

ಅಡುಗೆಮನೆಯ ಬಾಗಿಲಲ್ಲಿ ಅವ್ವನ ಬಳೆ ಸದ್ದು ನಿಂತಿತು.

"ಅದರಾಗ ಒಂದು ಟೌ ಸೀಟಿ. ಅಲ್ಲಿಂದ ಬೆಳಕು ಬರಾಕ ಹನ್ನೊಂದು ವರ್ಷಕ್ಕೂ ಹೆಚ್ಚು ಬೇಕು. ಅದರ ಸುತ್ತ ನಮ್ಮ ಭೂಮಿಯಂಥಾದ್ದು ಒಂದು ಐತೋ ಇಲ್ಲೋ, ಯಾರಿಗೂ ಗೊತ್ತಿಲ್ಲ. ಆದ್ರೂ ಕಿವಿ ಕೊಟ್ಟಾರ. ನಾ ಇಲ್ಲೇ ಕಂಬಳಿ ಮ್ಯಾಲೆ ಕುಂತೀನಿ, ಎಲ್ಲಾರ ಕಣ್ಣಿಗೂ ಕಾಣಾಕತ್ತೀನಿ. ನನ್ನನ್ನ ಒಬ್ರೂ ಒಂದು ಮಾತು ಕೇಳ್ಲಿಲ್ಲ."

"ಏಳೋ," ಎಂದ ಅಂದಾನಪ್ಪ ಅಳಿಯನಿಗೆ. ಅವಲಕ್ಕಿ ಹಾಗೇ ಉಳಿಯಿತು.

ಮರುದಿನ ಸಂಜೆ ಮಧುಕೇಶ್ವರ ಒಬ್ಬನೇ ಬಂದ. ಅಪ್ಪ ಕ್ಷಮೆ ಕೇಳಲು ಬಾಯಿ ತೆರೆದರೆ, "ನೀವು ಸ್ವಲ್ಪ ಸುಮ್ಕಿರ್ರಿ" ಎಂದು ಕೈ ಮುಗಿದು ಅವಳತ್ತ ತಿರುಗಿದ.

"ಮುಂದ ಓದೋ ಹುಚ್ಚು ಐತೇನ್ರಿ?"

"ಐತಿ. ನಿನ್ನೆ ನಿಮ್ಮ ಬಾಯಿಗೆ ಏನಾಗಿತ್ತು?"

"ಹುಡುಗನೂ ಮಾತಾಡಬಾರದು ಅಂದಿದ್ದ ಮಾವ. ಅವನ ಮಾತು ಕೇಳಿದ್ದು ನನ್ನ ತಪ್ಪು."

"ತಪ್ಪೇ."

"ಹೌದು," ಎಂದ. ಈ ಸಲ ರೆಪ್ಪೆ ಇಳಿಯಲಿಲ್ಲ. "ಆ ನಕ್ಷತ್ರದಿಂದ ಅವರಿಗೆ ಏನಾದ್ರೂ ಕೇಳಿಸ್ತೋ ಇಲ್ಲೋ. ನನಗ ಮಾತ್ರ ಬಸ್ಸು ಶಿರಸಿ ಮುಟ್ಟೋ ತನಕ ನಿಮ್ಮ ಮಾತ ಕೇಳಸ್ತಿತ್ತು. ಇನ್ನೂ ಕೇಳಬೇಕು ಅನಸ್ತು. ಜೀವ ಇರೋ ತನಕ."

ಅವಳ ಸಿಟ್ಟು ಇಳಿದಿರಲಿಲ್ಲ. ಕೆನ್ನೆ ಮಾತ್ರ ಬೇರೆ ಕಾರಣಕ್ಕೆ ಬಿಸಿಯಾಯಿತು.

"ಭಾಳ ಐತ್ರಿ ಹೇಳೋದು."

"ರಜಾ ಹಾಕಿ ಬಂದೀನಿ."

ನಿನ್ನೆ ಹಾಸಿದ್ದ ಕಂಬಳಿಯನ್ನು ಕಾಲಿನಿಂದ ಬದಿಗೆ ಸರಿಸಿ, ನೀಲಗಂಗೆ ಅವನೆದುರು ಒಂದು ಕುರ್ಚಿ ಎಳೆದುಕೊಂಡು ಕೂತಳು.