ಕ್ಯಾಮೆರಾ ಹಿಂದಿನ ಉಸಿರು

"ಒಂದು ಕ್ಯಾಸೆಟ್ ಕಾಪಿ ಮಾಡೋಕೆ ಐದು ನಿಮಿಷ ಸಾಕಲ್ವಾ?"

ಬಟ್ಟೆಚೀಲವನ್ನು ಎದೆಗವಚಿಕೊಂಡು ಬಾಗಿಲಲ್ಲಿ ನಿಂತಿದ್ದ ಹೆಂಗಸು ಕೇಳಿದ ಮೊದಲ ಪ್ರಶ್ನೆಯೇ ಅದು. ಕಂಪ್ಯೂಟರಿನ ಮುಂದೆ ಕೂತಿದ್ದ ಅವನಿಗೆ ನಗು ಬಂತು.

"ಎರಡು ಗಂಟೆ ಕ್ಯಾಸೆಟ್ಟಿಗೆ ಎರಡು ಗಂಟೆಯೇ ಬೇಕು ಮೇಡಂ. ಅದು ತನ್ನ ಪಾಡಿಗೆ ಓಡಬೇಕು, ಕಂಪ್ಯೂಟರ್ ಪಕ್ಕದಲ್ಲಿ ಕೂತು ಹಿಡ್ಕೋಬೇಕು. ಚೀಲ ಬಿಟ್ಟುಹೋಗಿ, ಆದ ಮೇಲೆ ಫೋನ್ ಮಾಡ್ತೀನಿ."

"ಬಿಟ್ಟುಹೋಗಲ್ಲ."

"ನನ್ನ ಮೇಲೆ ನಂಬಿಕೆ ಇಲ್ವಾ?"

"ನಿಮ್ಮ ಕನ್ನಡಕ ನೋಡಿ, ಸೊಟ್ಟಗಿದೆ. ಅದನ್ನೇ ನೆಟ್ಟಗೆ ಇಟ್ಕೊಳ್ಳದೋರನ್ನ ಹೇಗೆ ನಂಬೋದು?"

ಹಾಗೆಂದವಳು ಒಳಗೆ ಬಂದು ಕುರ್ಚಿ ಎಳೆದುಕೊಂಡು ಕೂತೇಬಿಟ್ಟಳು.

ಒಂದು ಕಾಲದಲ್ಲಿ ಅವನು ಮದುವೆ ಮನೆಗಳಲ್ಲಿ ವಿಡಿಯೋ ತೆಗೆಯುತ್ತಿದ್ದ. ಎಲ್ಲರ ಕೈಗೂ ಫೋನ್ ಬಂದ ಮೇಲೆ ಆ ಕೆಲಸ ಕೈಬಿಟ್ಟುಹೋಯಿತು. ಈಗ ಮನೆಯ ಮುಂದಿನ ಕೋಣೆಯಲ್ಲಿ ಒಂದು ಹಳೆಯ ಪ್ಲೇಯರ್, ಒಂದು ಕಂಪ್ಯೂಟರ್, ಮತ್ತು ಜನ ಅಟ್ಟದಿಂದ ಇಳಿಸಿ ತರುವ ಬೂಷ್ಟು ಹಿಡಿದ ಟೇಪುಗಳು. ಬೀದಿಯವರ ಬಾಯಲ್ಲಿ ಅವನ ಹೆಸರೇ 'ಕ್ಯಾಸೆಟ್' ಎಂದಾಗಿತ್ತು. ಒಂಟಿ ಜೀವ. ಮದುವೆಗಳನ್ನು ನೋಡಿ ನೋಡಿ ತನ್ನದನ್ನು ಮಾಡಿಕೊಳ್ಳುವುದೇ ಮರೆತುಹೋಯಿತು ಎಂದು ತಾನೇ ತಮಾಷೆ ಮಾಡಿಕೊಳ್ಳುತ್ತಿದ್ದ.

ಅವಳದು ಮಾರ್ಕೆಟ್ ರಸ್ತೆಯಲ್ಲಿ ಕನ್ನಡಕದ ಅಂಗಡಿ. ಗಂಡ ತೀರಿಕೊಂಡ ಮೇಲೆ ಅತ್ತೆಯ ಜೊತೆಗಿದ್ದಳು.

"ಅತ್ತೆಗೆ ಕಣ್ಣು ದಿನೇದಿನೇ ಮಂಜಾಗ್ತಿದೆ. ಡಾಕ್ಟರು ಕೈ ಚೆಲ್ಲಿದ್ದಾರೆ. ಪೂರ್ತಿ ಹೋಗೋ ಮೊದಲು ಮಗನ್ನ ಒಂದ್ಸಲ ಕಣ್ತುಂಬ ನೋಡಬೇಕಂತೆ. ದೊಡ್ಡ ಟಿವಿಯಲ್ಲಿ ಕಾಣೋ ಹಾಗೆ ಮಾಡಿಕೊಡಿ."

ಮೊದಲ ಟೇಪು ಓಡತೊಡಗಿತು. ಪರದೆಯ ಮೇಲೆ ಬಿಳಿ ಗೆರೆಗಳು ನಡುಗಿ, ನಿಂತು, ಒಬ್ಬ ಹುಡುಗಿ ಮೂಡಿದಳು. ಕಿಟಕಿಯ ಹತ್ತಿರ ಕೂದಲು ಒಣಗಿಸಿಕೊಳ್ಳುತ್ತಿದ್ದಳು. ಇಪ್ಪತ್ತು ವರ್ಷದ ಹಿಂದಿನ ಅವಳೇ. ಚಿತ್ರದ ಹೊರಗಿನಿಂದ ಗಂಡಸಿನ ದನಿ ಬಂತು: "ಏ, ಸ್ವಲ್ಪ ಇತ್ತ ನೋಡೇ." ಹುಡುಗಿ ತಿರುಗಿ ನಕ್ಕಳು.

ಕುರ್ಚಿಯಲ್ಲಿ ಕೂತವಳು ನಗಲಿಲ್ಲ.

ಭಾನುವಾರ ಮಧ್ಯಾಹ್ನಗಳೆಲ್ಲ ಹಾಗೇ ಕಳೆದವು. ಅವಳು ಚೀಲ ತರುವಳು, ಟೇಪು ಓಡುವುದು, ಇಬ್ಬರೂ ಅಕ್ಕಪಕ್ಕ ಕೂತು ಕಾಯುವರು. ಕಾಯುವುದಷ್ಟೇ ಕೆಲಸವಾದಾಗ ಮಾತು ತಾನಾಗಿ ಬರುತ್ತದೆ.

"ನೀವು ಟೀಯಲ್ಲಿ ಸಕ್ಕರೆ ಹಾಕ್ತೀರೋ, ಸಕ್ಕರೆಯಲ್ಲಿ ಟೀ ಹಾಕ್ತೀರೋ?" ಎಂದಳು ಒಮ್ಮೆ.

"ಒಂಟಿ ಮನುಷ್ಯನ ಬಾಳಲ್ಲಿ ಅಷ್ಟಾದರೂ ಸಿಹಿ ಬೇಡ್ವಾ?"

ಅವಳು ತುಟಿ ಬಿಗಿಹಿಡಿದಳು. ನಗು ಕಣ್ಣಿನ ತುದಿಯಿಂದ ಸೋರಿಹೋಯಿತು. ಮರುಕ್ಷಣ ಕೈಚಾಚಿ ಅವನ ಕನ್ನಡಕವನ್ನೇ ತೆಗೆದುಕೊಂಡಳು. ಕಡ್ಡಿಯನ್ನು ಬೆರಳಲ್ಲಿ ಮೆಲ್ಲಗೆ ಬಗ್ಗಿಸಿ, ಮತ್ತೆ ಅವನ ಮೂಗಿನ ಮೇಲೆ ಕೂರಿಸಿ, ಕಿವಿಯ ಹಿಂದೆ ಒತ್ತಿ ನೋಡಿದಳು. ಅಂಗಡಿಯಲ್ಲಿ ಯಾರಿಗಾದರೂ ಮಾಡುವ ಕೆಲಸವೇ. ಆದರೆ ಅವನ ಕಿವಿ ಸಂಜೆಯವರೆಗೂ ಬಿಸಿಯಾಗಿತ್ತು.

ಒಂದೇ ತೊಂದರೆ. ಟೇಪುಗಳು ಒಂದೊಂದಾಗಿ ಮುಗಿಯುತ್ತ ಬಂದರೂ ಗಂಡನ ಮುಖ ಎಲ್ಲೂ ಇರಲಿಲ್ಲ. ಕ್ಯಾಮೆರಾ ಯಾವಾಗಲೂ ಅವನ ಕೈಯಲ್ಲೇ. ಎಲ್ಲೆಲ್ಲೂ ಅವಳೇ. ಅವಳ ಕಾಲಬಳಿ ಒಮ್ಮೊಮ್ಮೆ ಅವನ ನೆರಳು, ಅಷ್ಟೇ.

ವಾರದ ದಿನಗಳಲ್ಲಿ ಅವನೊಬ್ಬನೇ ತನ್ನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು, ಕಂಪ್ಯೂಟರಿಗೆ ಇಳಿಸಿಟ್ಟ ಚಿತ್ರಗಳಿಂದ ಗೆರೆ, ಗೊರಗೊರ ಸದ್ದುಗಳನ್ನು ತೆಗೆಯುತ್ತ ಕೂರುತ್ತಿದ್ದ. ಕ್ಯಾಮೆರಾದ ಮೈಕು ಎದುರಿಗಿದ್ದವರ ಮಾತಿಗಿಂತ ಹಿಂದೆ ನಿಂತವನ ಉಸಿರನ್ನೇ ಹತ್ತಿರದಿಂದ ಹಿಡಿದಿತ್ತು. ತೀರಿಹೋದವನು ಅವನ ಕಿವಿಯಲ್ಲೇ ಉಸಿರಾಡುತ್ತಿದ್ದ. ಹುಡುಗಿ ಜಡೆ ಹೆಣೆಯಲು ಕೈ ಎತ್ತಿದಾಗ ಆ ಉಸಿರು ಒಂದು ಗಳಿಗೆ ನಿಲ್ಲುತ್ತಿತ್ತು. ಕೆಲವು ದಿನಗಳಾದ ಮೇಲೆ ಅವನಿಗೆ ಗೊತ್ತಾಯಿತು, ತನ್ನ ಉಸಿರೂ ಅದೇ ಜಾಗದಲ್ಲಿ ನಿಲ್ಲುತ್ತಿದೆ. ಅವಳು ಯಾವ ಕಡೆ ತಿರುಗುತ್ತಾಳೆ ಎಂದು ತಿರುಗುವ ಮೊದಲೇ ಅವನಿಗೆ ತಿಳಿಯುತ್ತಿತ್ತು. ಹೆಡ್‌ಫೋನ್ ತೆಗೆದಿಟ್ಟ ಮೇಲೂ ಹಿಂದೆ ಯಾರೋ ನಿಂತಂತೆ ಬೆನ್ನು ಜುಮ್ಮೆನ್ನುತ್ತಿತ್ತು.

ಕೊನೆಯ ಟೇಪಿನ ಭಾನುವಾರ ಅವಳು ಕಿಟಕಿಯ ಹತ್ತಿರ ನಿಂತು ಹೊರಗೆ ನೋಡುತ್ತಿದ್ದಳು. ಬಿಸಿಲು ಅವಳ ಕೆನ್ನೆಯ ಮೇಲಿತ್ತು, ಕಿವಿಯ ಬಳಿ ಒಂದೆರಡು ನರೆಗೂದಲು ಹೊಳೆಯುತ್ತಿದ್ದವು. ಅವನು ತಲೆ ಎತ್ತಿದ.

"ಏ, ಸ್ವಲ್ಪ ಇತ್ತ ನೋಡೇ."

ಅದೇ ರಾಗ. ಕೊನೆಯಲ್ಲಿ ಅದೇ ಎಳೆತ. ಅವಳು ಸರ್ರನೆ ತಿರುಗಿದಳು. ಮುಖದಲ್ಲಿ ಇಪ್ಪತ್ತು ವರ್ಷದ ಹಿಂದಿನ ನಗು ಬಂದೇಬಿಟ್ಟಿತ್ತು. ಅವನನ್ನು ಕಂಡದ್ದೇ ಅದು ಅಲ್ಲೇ ನಿಂತಿತು.

"ಏನಂದ್ರಿ?"

"ಅದು... ಬಾಯಿ ತಪ್ಪಿ..."

ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು. ಒಂದು ದಿನವೂ ಬಿಟ್ಟುಹೋಗದ ಚೀಲ ಕುರ್ಚಿಯ ಮೇಲೆ ಹಾಗೇ ಬಿದ್ದಿತ್ತು.

ಮುಂದಿನ ಭಾನುವಾರ ಅವಳು ಬರಲಿಲ್ಲ. ಅವನು ಕಂಪ್ಯೂಟರಿನ ಮುಂದೆ ಕೂತು, ಚಿತ್ರದ ಕೆಳಗೆ ಏರಿಳಿಯುವ ದನಿಯ ಸಾಲನ್ನು ನೋಡುತ್ತಿದ್ದ. ಒಂದು ಕ್ಲಿಕ್ ಮಾಡಿದರೆ ಸಾಕು, ಕ್ಯಾಮೆರಾ ಹಿಂದಿನವನು ಇಲ್ಲವಾಗುತ್ತಿದ್ದ. ಹೊಟ್ಟೆಕಿಚ್ಚೋ ಹೆದರಿಕೆಯೋ, ಅವನು ಕ್ಲಿಕ್ ಮಾಡಿಯೂ ನೋಡಿದ. ಪರದೆಯಲ್ಲಿ ಹುಡುಗಿ ಸುಮ್ಮನೆ ತಿರುಗಿದಳು, ಯಾರಿಗೂ ಅಲ್ಲದ ನಗು ನಕ್ಕಳು. ನೋಡಲಾಗಲಿಲ್ಲ. ಕರೆದವನಿಲ್ಲದೆ ಆ ನಗುವಿಗೆ ಜೀವವೇ ಇರಲಿಲ್ಲ. ಅವನು ದನಿಯನ್ನು ಇದ್ದಲ್ಲಿಗೇ ತಂದಿಟ್ಟ. ಕೆಲಸ ಮುಗಿಸಿ, ಎಲ್ಲವನ್ನೂ ಪೆನ್‌ಡ್ರೈವಿಗೆ ಹಾಕಿ, ಚೀಲ ಎತ್ತಿಕೊಂಡು ಅವಳ ಮನೆಯ ದಾರಿ ಹಿಡಿದ.

ಬಾಗಿಲು ತೆರೆದವಳು ಅವನನ್ನೂ ಚೀಲವನ್ನೂ ನೋಡಿದಳು.

"ಎಲ್ಲ ಇದೆ. ಅವರ ಮುಖ ಮಾತ್ರ ಸಿಗಲಿಲ್ಲ," ಎಂದ. "ದನಿ ಇದೆ. ಒಂದು ಉಸಿರೂ ಕತ್ತರಿಸಿಲ್ಲ."

ಅವಳು ಚೀಲ ತೆಗೆದುಕೊಂಡಳು. ಅವನು ಹೋಗಲಿಲ್ಲ.

"ಆವತ್ತು ಬಾಯಿ ತಪ್ಪಿ ಬಂತು ಅಂದೆನಲ್ಲ, ಅದು ಸುಳ್ಳು. ನಿಮ್ಮ ಮೇಲೆ ಮನಸ್ಸಾಗಿದೆ. ಆದ್ರೆ ನಿಮ್ಮನ್ನ ನೋಡ್ತಿರೋದು ನಾನಾ, ಅವರಾ, ನನಗೇ ಗೊತ್ತಾಗ್ತಿಲ್ಲ. ನಿಮಗೆ ಭಯ ಆಗಿದ್ದು ಸಹಜ."

"ನಾನು ಹೆದರಿದ್ದು ಅದಕ್ಕಲ್ಲ."

"ಮತ್ತೆ?"

ಅವಳು ಬಾಗಿಲ ಚಿಲಕವನ್ನು ಬೆರಳಲ್ಲಿ ತಿರುಗಿಸುತ್ತಿದ್ದಳು. "ಅವರ ದನಿ ಅಂತ ತಿರುಗಿದೆ. ನೋಡಿದ್ರೆ ನೀವು. ನೀವಾಗಿದ್ದಕ್ಕೆ ನಂಗೆ ಬೇಜಾರೇ ಆಗ್ಲಿಲ್ಲ. ಅದಕ್ಕೆ ಹೆದರಿದೆ." ತುಸು ತಡೆದು ಹೇಳಿದಳು, "ಅವರು ನನ್ನ ತುಂಬಾ ಪ್ರೀತಿಸ್ತಿದ್ರು. ಆದ್ರೆ ಯಾವಾಗ್ಲೂ ಆ ಗಾಜಿನ ಹಿಂದಿಂದಲೇ. ನೀವು ಪಕ್ಕದಲ್ಲಿ ಕೂತಿದ್ರಿ."



ಒಳಗಿನಿಂದ ಅತ್ತೆಯ ದನಿ ಬಂತು. "ಕ್ಯಾಸೆಟ್ ಬಂತೇನೇ? ಹಾಕೇ, ಹಾಕು."

ಟಿವಿಯ ಎದುರು ಮುದುಕಿ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡು ಕೂತಳು. ಅವನು ಹೊಸ್ತಿಲ ಬಳಿ ಗೋಡೆಗೊರಗಿ ನಿಂತ. ಚಿತ್ರ ಮೂಡಿತು. ಕಣ್ಣು ಕಿರಿದು ಮಾಡಿ ನೋಡಿದ ಮುದುಕಿ, ಉಸಿರು ಕೇಳಿದೊಡನೆ ಕಣ್ಣು ಮುಚ್ಚಿಕೊಂಡಳು.

"ಹುಟ್ಟಿದಾಗಿಂದ ಹೀಗೇ ಇವನು. ಮೂಗು ಕಟ್ಟಿದ ಉಸಿರು," ಎಂದಳು. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು, ಬಾಯಿ ನಗುತ್ತಿತ್ತು. "ಬಂದ್ಯೇನಪ್ಪ."

ಕೋಣೆಯ ತುಂಬ ಆ ಉಸಿರು ಆಡುತ್ತಿತ್ತು. ತುಂಬ ಹೊತ್ತಿನ ಮೇಲೆ ಮುದುಕಿ ಕಣ್ಣು ತೆರೆಯದೆಯೇ ಕೇಳಿದಳು.

"ಅಲ್ಲಿ ನಿಂತಿರೋದು ಯಾರೇ?"

"ಕ್ಯಾಸೆಟ್ ಕೆಲಸ ಮಾಡಿಕೊಟ್ಟವರು, ಅತ್ತೆ."

ಟಿವಿಯೊಳಗಿಂದ ಗಂಡನ ದನಿ ಏನೋ ಹೇಳಿ ನಕ್ಕಿತು. ಅವಳು ಆ ನಗು ಮುಗಿಯುವವರೆಗೂ ಕಾದಳು.

"ಅಷ್ಟೇ ಅಲ್ಲ ಅತ್ತೆ. ನನಗೆ ಬೇಕಾದವರು."

ಮುದುಕಿಯ ಕೈ ಮಡಿಲಲ್ಲಿ ರಿಮೋಟನ್ನು ತಡಕಾಡಿತು. ಸಿಕ್ಕಾಗ ಸೊಸೆಯತ್ತ ಚಾಚಿದಳು. "ಇದನ್ನ ಸ್ವಲ್ಪ ನಿಲ್ಲಿಸು."

ಅವಳು ಗುಂಡಿ ಒತ್ತಿದಳು, ಟಿವಿಯ ಉಸಿರು ನಿಂತಿತು. ಗೋಡೆಗೊರಗಿದ್ದವನು ನೆಟ್ಟಗೆ ನಿಂತ. ಮುದುಕಿ ಕೆನ್ನೆ ಒರೆಸಿಕೊಂಡು, ಅವನಿದ್ದ ಕಡೆಗೆ ಮುಖ ತಿರುಗಿಸಿದಳು.

"ಬೇಕಾದವರನ್ನ ಯಾರಾದ್ರೂ ಹೀಗೆ ಬಾಗಿಲಲ್ಲಿ ನಿಲ್ಲಿಸ್ತಾರೇನೇ? ಕೂರೋಕೆ ಹೇಳು."

ಅವಳು ಗೋಡೆಯ ಬದಿಯಿಂದ ಎರಡು ಕುರ್ಚಿ ಎಳೆದು ಜೊತೆಜೊತೆಗೆ ಹಾಕಿದಳು. ಅವನು ಬಂದು ಕೂತ. ಅವಳೂ ಕೂತಳು.

"ಈಗ ಹಾಕು," ಎಂದಳು ಮುದುಕಿ.