ಬಾಗಿಲ ಬಳಿಯ ಜಾಗ

ಈ ಕತೆಯನ್ನು ನಾನು ಮೊದಲು ಕೇಳಿದ್ದು ಆಲ್ತಾಯ್ ತಪ್ಪಲಿನ ಬಾತಿಮಾ ಎಂಬ ವೃದ್ಧೆಯ ಬಾಯಲ್ಲಿ, ಸಾವಿರದ ಒಂಬೈನೂರ ತೊಂಬತ್ತೆಂಟರ ಶರತ್ಕಾಲದಲ್ಲಿ. ಕುರಿಗಳ ಉಣ್ಣೆ ಕತ್ತರಿಸಿ, ಓಣಿಯ ಹೆಂಗಸರೆಲ್ಲ ಅವಳ ಅಂಗಳದಲ್ಲಿ ಅದನ್ನು ಬಿಸಿನೀರಲ್ಲಿ ನೆನೆಸಿ, ಸುರುಳಿ ಸುತ್ತಿ ತೋಳಿನಿಂದ ಕಂಬಳಿ ಒತ್ತುತ್ತಿದ್ದ ಮಧ್ಯಾಹ್ನ. ಈ ಕತೆಯಲ್ಲಿ ಬರುವಂಥ ಅಧ್ಯಕ್ಷನೊಬ್ಬ ಆ ದೇಶವನ್ನು ಆಳಿದನೆಂದು ಯಾವ ಚರಿತ್ರೆಯೂ ಹೇಳುವುದಿಲ್ಲ. ಬಾತಿಮಾ ಹೇಳುತ್ತಾಳೆ, ಅವಳು ಹೇಳಿದಂತೆಯೇ ಬರೆಯುತ್ತೇನೆ.

ಅಧ್ಯಕ್ಷನ ಹೆಸರು ಎಸೆನ್. ಹೆಂಡತಿ ಕುನ್ಸುಲು, ಕುರಿಗಾಹಿಯ ಮಗಳು. ಪಟ್ಟಕ್ಕೇರಿದ ಮೇಲೆ ಎಸೆನ್ ಮೊದಲ ಬಾರಿಗೆ ಮಾವನ ಮನೆಗೆ ಬಂದಾಗ ಹಿಂದೆ ಮುಂದೆ ಕಾರುಗಳಿದ್ದವು. ಶಿಷ್ಟಾಚಾರದ ಅಧಿಕಾರಿ ಅವನನ್ನು ನೇರವಾಗಿ ಬಾಗಿಲಿನ ಎದುರುಗೋಡೆಯ ಹಿರಿಯಾಸನಕ್ಕೆ ಕರೆದೊಯ್ದ. ಅಲ್ಲಿ ಕುಳಿತಿದ್ದ ಮುದುಕ ಮಾವ ಎದ್ದು, ಬೂಟುಗಳ ರಾಶಿಯ ಪಕ್ಕ ಬಾಗಿಲ ಬಳಿ ಕುಳಿತ. ಆ ನಾಡಿನಲ್ಲಿ ಅದು ಅಳಿಯನ ಜಾಗ. ಮನೆಯ ಹಿರಿಯನಿಗೆ ಸಲ್ಲಬೇಕಾದ ಬೇಯಿಸಿದ ಕುರಿತಲೆಯನ್ನೂ ಎಸೆನ್‌ನ ಮುಂದಿಟ್ಟರು. ಅವನು ಫೋನಿನಲ್ಲಿ ಮಾತಾಡುತ್ತಲೇ ಅದರ ಕಿವಿ ಕೊಯ್ದ.

ಹೊರಡುವ ಹೊತ್ತಿಗೆ ಕುನ್ಸುಲು ಕಾರು ಹತ್ತಲಿಲ್ಲ.

"ನೀವು ಹೋಗಿ," ಎಂದಳು. "ಇವತ್ತು ಈ ಮನೆಗೆ ಬಂದಿದ್ದು ಅಧ್ಯಕ್ಷರು. ನನ್ನ ಗಂಡ ಬಂದಾಗ ಅವರ ಜೊತೆ ಬರ್ತೀನಿ."

ಅವಳು ಮುನಿದಿದ್ದಾಳೆಂದು ಅವನಿಗೆ ಅರ್ಥವಾದದ್ದು ಅರ್ಧ ದಾರಿ ಕಳೆದ ಮೇಲೆ. ಅರಮನೆಯಿಂದ ಕಾರು ಕಳಿಸಿದ. ಅವಳು ಡ್ರೈವರನಿಗೆ ಊಟ ಹಾಕಿ ಹಿಂದಕ್ಕೆ ಕಳಿಸಿದಳು. ಪರದೇಶದ ಅತಿಥಿಗಳ ಔತಣದಲ್ಲಿ ಅವನ ಪಕ್ಕದ ಕುರ್ಚಿ ಖಾಲಿ ಉಳಿಯಿತು. ಪ್ರಥಮ ಮಹಿಳೆ ಇನ್ನು ಬರುವುದಿಲ್ಲವೆಂದು ಅಡುಗೆಯವರೂ ಪಿಸುಗುಟ್ಟತೊಡಗಿದರು.

ಮೊದಲ ಹಿಮ ಬಿದ್ದ ದಿನ ಎಸೆನ್ ಕಾವಲಿನವರನ್ನು ಸೇತುವೆಯ ಬಳಿ ನಿಲ್ಲಿಸಿ, ಒಬ್ಬನೇ ನಡೆದು ಬಂದ. ಬಾಗಿಲಿಗೆ ಅಡ್ಡಲಾಗಿ, ಹೊಸ ಮದುಮಗನಿಗೆ ಹಿಡಿಯುವ ಹಾಗೆ, ಕುನ್ಸುಲುವಿನ ಅತ್ತಿಗೆ ಕಾಮ್ಶಾತ್ ಹಗ್ಗ ಹಿಡಿದು ನಿಂತಿದ್ದಳು.

"ಯಾರಪ್ಪಾ ನೀವು? ಟಿವಿಯಲ್ಲಿ ಬರೋರ ಥರ ಇದೀರಿ."

"ನಿಮ್ಮ ನಾದಿನಿ ಗಂಡ, ಅತ್ತಿಗೆ."

"ಹಾಗಂತ ಹೇಳ್ಕೊಂಡು ಯಾರು ಬೇಕಾದ್ರೂ ಬರಬಹುದು. ಕುನ್ಸುಲು, ಇವರು ನಿನಗೆ ಗೊತ್ತಾ?"

ಒಳಗೆ ಚಹಾ ಬಸಿಯುತ್ತಿದ್ದವಳು ತಲೆಯೆತ್ತಲಿಲ್ಲ. ರೆಪ್ಪೆಯನ್ನಷ್ಟೇ ಎತ್ತಿದಳು. ಅವನ ಕಿವಿಗಳು ಚಳಿಗೆ ಕೆಂಪಾಗಿದ್ದವು, ಭುಜದ ಮೇಲೆ ಹಿಮವಿತ್ತು.

"ಎಲ್ಲೋ ನೋಡಿದ ಹಾಗಿದೆ. ಎಲ್ಲಿ ಕೂರ್ತಾರೆ ನೋಡಿ, ಆಮೇಲೆ ಹೇಳ್ತೀನಿ."

ಕಾಮ್ಶಾತ್ ಹಗ್ಗ ಸಡಿಲಿಸಿದಳು. ಎಸೆನ್ ಒಳಬಂದು, ಹಿರಿಯಾಸನದಲ್ಲಿದ್ದ ಮಾವನಿಗೆ ತಲೆಬಾಗಿ, ಬಾಗಿಲ ಬಳಿ ಒದ್ದೆ ಬೂಟುಗಳ ನಡುವೆ ಕುಳಿತ.

"ಮೇಲೆ ಬನ್ನಿ ಅಳಿಯಂದಿರೇ, ಅಲ್ಲಿ ಗಾಳಿ ಹೊಡಿಯುತ್ತೆ," ಎಂದ ಮುದುಕ.

"ಬೇಡ ಮಾವ. ಅವತ್ತು ನಿಮಗೂ ಹೊಡೆದಿತ್ತು. ತಪ್ಪು ನನ್ನದು."

ಮುದುಕ ತಟ್ಟೆಯನ್ನು ಹತ್ತಿರ ಎಳೆದುಕೊಂಡ. ಅದರಿಂದ ಎದೆಯ ಮಾಂಸವನ್ನು, ಅಳಿಯನ ಪಾಲನ್ನು, ಆರಿಸಿ ಕೊಟ್ಟ.

ಕುನ್ಸುಲು ಚಹಾ ತಂದು ಮುಂದೆ ಮಂಡಿಯೂರಿದಳು. ಬಟ್ಟಲು ಕೈ ಬದಲಾಗುವಾಗ ಬೆರಳಿಗೆ ಬೆರಳು ತಾಗಿತು. ಇಬ್ಬರೂ ಬಟ್ಟಲನ್ನು ಬಿಡಲಿಲ್ಲ.

"ಅರಮನೆಯಲ್ಲಿ ಎಲ್ಲಿ ಕೂರಬೇಕು ಅಂತ ಹೇಳೋಕೆ ನೂರು ಜನ ಇದಾರೆ," ಎಂದ ಅವನು ಮೆಲ್ಲಗೆ. "ನೀನಿಲ್ಲದಿದ್ದರೆ ಎಲ್ಲಿ ಕೂತಿದೀನಿ ಅಂತಲೇ ಗೊತ್ತಾಗಲ್ಲ."

"ಈಗ ಗೊತ್ತಾಯ್ತಾ?"

"ನಿಮ್ಮಪ್ಪನ ಮನೆ ಬಾಗಿಲಲ್ಲಿ."

"ಅಲ್ಲ. ನನ್ನ ಬೂಟಿನ ಮೇಲೆ. ಸ್ವಲ್ಪ ಏಳಿ."

"ಯಾಕೆ?"

"ರಾಜಧಾನಿ ತನಕ ಬರಿಗಾಲಲ್ಲಿ ಬರಲಾ?"

ಬಾತಿಮಾ ಅಲ್ಲಿಗೆ ನಿಲ್ಲಿಸಿದಳು. ಮುಂದಿನ ಚುನಾವಣೆಯಲ್ಲಿ ಅವನು ಗೆದ್ದನೇ ಎಂದು ಕಂಬಳಿ ಒತ್ತುತ್ತಿದ್ದವರಲ್ಲಿ ಒಬ್ಬಳು ಕೇಳಿದಳು.

"ಅದನ್ನ ರೇಡಿಯೋದವರು ಹೇಳ್ತಾರೆ, ಹೋಗು," ಎಂದಳು ಬಾತಿಮಾ.

ಕಂಬಳಿ ಸುರುಳಿ ಗಟ್ಟಿಯಾಗಿತ್ತು. ಹೆಂಗಸರು ತೋಳಿನ ನೀರು ಒರೆಸಿಕೊಂಡು ಎದ್ದು, ಹಸು ಕರೆಯುವ ಹೊತ್ತಾಯಿತೆನ್ನುತ್ತ ತಮ್ಮ ತಮ್ಮ ಮನೆಗಳ ಕಡೆ ನಡೆದರು.